ಹದಿನೇಳನೆಯ ಸ್ಲೈಡು

ಸಗಿನ್‌ಬೆಕ್‌ಗೆ ಬೇಕಾಗಿದ್ದದ್ದು ಒಂದೇ ಒಂದು ಸ್ಲೈಡು. ಇಡೀ ಪ್ರೆಸೆಂಟೇಶನ್ ಅಲ್ಲ, ಅದರಲ್ಲಿದ್ದ ಕಾಲುವೆಗಳ ಲೆಕ್ಕಾಚಾರ ಅಲ್ಲ, ಮೊದಲ ಐದು ಸ್ಲೈಡುಗಳಲ್ಲಿ ಐದು ಭಂಗಿಯಲ್ಲಿ ನಗುತ್ತಿದ್ದ ನೀರಿನ ಇಲಾಖೆಯ ನಿರ್ದೇಶಕರಂತೂ ಅಲ್ಲವೇ ಅಲ್ಲ. ಹದಿನೇಳನೆಯದು ಮಾತ್ರ. ಅದರಲ್ಲಿ ಒಂದು ಸರೋವರವಿತ್ತು. ಸರೋವರದ ದಂಡೆಯಲ್ಲಿ ನೀಲಿ ಬಾಗಿಲಿನ ಪುಟ್ಟ ಮರದ ಮನೆ. ಬಾಗಿಲ ಮುಂದೆ ಒಂದು ಕುರ್ಚಿ. ಒಂದೇ ಕುರ್ಚಿ.

ಚಿತ್ರದ ಕೆಳಗೆ ನಾಲ್ಕಾರು ಸಾಲು ಬರಹವೂ ಇತ್ತು. ಅದನ್ನು ಅವನು ಓದಿರಲಿಲ್ಲ. ಸಗಿನ್‌ಬೆಕ್ ಚಿತ್ರ ನೋಡುವವರ ಪೈಕಿ, ಅಕ್ಷರ ಓದುವವರ ಪೈಕಿ ಅಲ್ಲ. ಹೋದ ಚಳಿಗಾಲದಲ್ಲಿ ಹಸುವಿನ ಚಿತ್ರ ನೋಡಿ ಕೆನೆ ಎಂದುಕೊಂಡು ಒಂದು ಡಬ್ಬಿ ತಂದಿದ್ದ. ಅರ್ಧ ಡಬ್ಬಿ ರೊಟ್ಟಿಗೆ ಹಚ್ಚಿಕೊಂಡು ತಿಂದ ಮೇಲೆ, ಅದು ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಎಂದು ಪಕ್ಕದ ಮನೆಯ ಹಿರಿಯಮ್ಮ ಅನಿಪಾ ಅಪಾ ಓದಿ ಹೇಳಿದರು. ಅದಾದ ಮೇಲೂ ಅವನು ಓದಿ ನೋಡುವುದನ್ನು ಕಲಿಯಲಿಲ್ಲ, ಕೆನೆ ತಿನ್ನುವುದನ್ನು ಬಿಟ್ಟ.

ಆ ಸರೋವರದ ಹೆಸರು ತುನುಕ್-ಕೊಲ್. ನಮ್ಮ ಪೇಟೆಯಿಂದ ಮೇಲಕ್ಕೆ, ಕಣಿವೆ ಮುಗಿದು ಮೋಡ ಶುರುವಾಗುವ ಕಡೆ ಇದೆ. ಅಲ್ಲಿ ನೀರಿನ ಮಟ್ಟ ಅಳೆದು ದಿನಾ ರೇಡಿಯೋದಲ್ಲಿ ಕೆಳಗಿನವರಿಗೆ ಹೇಳುವುದಕ್ಕೆ ಇಲಾಖೆಯವರು ಒಬ್ಬನನ್ನು ಇಡುತ್ತಾರೆ. ಇದ್ದ ಮುದುಕನಿಗೆ ಕಣ್ಣು ಮಂಜಾಗಿ ಅವನು ಇಳಿದು ಬಂದುಬಿಟ್ಟ. ಹೀಗೆ ಖಾಲಿ ಬಿದ್ದ ಹುದ್ದೆಗಳನ್ನೆಲ್ಲ ನಿರ್ದೇಶಕರು ಒಂದೊಂದು ಸ್ಲೈಡು ಮಾಡಿ, ಪ್ರೆಸೆಂಟೇಶನ್ ಆಗಿ ಜೋಡಿಸಿ ನೌಕರರಿಗೆಲ್ಲ ಹಂಚಿದ್ದರು. ಅವರಿಗೆ ಅರ್ಜಿ ಎಂದರೆ ಆಗುವುದಿಲ್ಲ. ಅರ್ಜಿಯಲ್ಲಿ ಜನ ತಮ್ಮ ಸೊಂಟನೋವಿನಿಂದ ಹಿಡಿದು ಅತ್ತೆಯ ಸೊಂಟನೋವಿನವರೆಗೆ ಎಲ್ಲವನ್ನೂ ಬರೆಯುತ್ತಾರಂತೆ. ಅದಕ್ಕೇ ಅವರದೊಂದು ಪದ್ಧತಿ: ಯಾವ ಹುದ್ದೆ ಬೇಕೋ ಆ ಸ್ಲೈಡನ್ನು ಮಾತ್ರ ಪ್ರಿಂಟ್ ತೆಗೆಸಿ, ಕೆಳಗೆ ಸಹಿ ಹಾಕಿ ಕೊಡಿ. ಈ ಕತೆ ನಡೆದ ದಿನ ಸಂಜೆ ಕಚೇರಿ ಮುಚ್ಚುವವರೆಗಷ್ಟೇ ಸಮಯವಿತ್ತು.

ಮೋಡದ ಪಕ್ಕದ ಒಂಟಿ ಮನೆ ಅವನಿಗೆ ಯಾಕೆ ಬೇಕಾಗಿತ್ತು ಎಂದು ಕೇಳಿದರೆ, ನೀವು ನಮ್ಮ ಕಟ್ಟಡವನ್ನು ನೋಡಿಲ್ಲ ಎಂದಾಯಿತು. ನದಿ ದಂಡೆಯ ಹಳೆಯ ಕಾಂಕ್ರೀಟ್ ಕಟ್ಟಡ ನಮ್ಮದು. ಮೇಲಿನ ಮನೆಯವರು ಸೀನಿದರೆ ಕೆಳಗಿನ ಮನೆಯವರು ನೂರು ವರ್ಷ ಬಾಳು ಎಂದು ಹರಸುವಷ್ಟು ತೆಳು ಗೋಡೆ. ಬಾಗಿಲು ತಟ್ಟುವ ಅಭ್ಯಾಸ ನಮ್ಮಲ್ಲಿಲ್ಲ. ಯಾರಾದರೂ ತಟ್ಟಿದರೆ ಒಳಗಿದ್ದವರು ಪೊಲೀಸರೆಂದು ಗಾಬರಿಯಾಗುತ್ತಾರೆ. ಅದರಲ್ಲೂ ಸಗಿನ್‌ಬೆಕ್ ನಲವತ್ತರ ಹತ್ತಿರ ಬಂದ ಬ್ರಹ್ಮಚಾರಿ. ಮದುವೆಯಾಗದವನು ಇಡೀ ಕಟ್ಟಡದ ಆಸ್ತಿ. ಅವನಿಗೆ ಸೂಪು ಕೊಡುವವರು, ಅವನ ಕಿಟಕಿ ತೆರೆಯುವವರು, ತೆರೆದ ಕಿಟಕಿಯನ್ನು ಶೀತವಾಗುತ್ತದೆಂದು ಮುಚ್ಚುವವರು ಬೇರೆ ಬೇರೆ. ಕಚೇರಿಯಲ್ಲಾದರೂ ನೆಮ್ಮದಿ ಇತ್ತೇ? ಚಹಾದ ಕೆಟಲಿಗೆ ಇದ್ದದ್ದು ಒಂದೇ ಪ್ಲಗ್ಗು, ಅದಿದ್ದದ್ದು ಅವನ ಮೇಜಿನ ಪಕ್ಕ. ಇಡೀ ಇಲಾಖೆ ದಿನವಿಡೀ ಅವನ ಮೇಜನ್ನು ಸುತ್ತುವರಿದು ನಿಂತು ಮಾತಾಡುತ್ತಿತ್ತು.

ಇನ್ನು ಚಹಾದ ವಿಷಯ. ನಮ್ಮಲ್ಲಿ ಬಟ್ಟಲು ತುಂಬ ಚಹಾ ಸುರಿದು ಕೊಟ್ಟರೆ, ಕುಡಿದು ಹೊರಡಪ್ಪಾ ಎಂದರ್ಥ. ತಳದಲ್ಲಿ ಎರಡು ಗುಟುಕು ಕೊಟ್ಟರೆ, ಕೂತಿರು, ಮತ್ತೆ ಮತ್ತೆ ಕೊಡುತ್ತೇನೆ ಎಂದರ್ಥ. ಸಗಿನ್‌ಬೆಕ್‌ಗೆ ಜೀವನದಲ್ಲಿ ಯಾರೂ ತುಂಬಿದ ಬಟ್ಟಲು ಕೊಟ್ಟಿರಲಿಲ್ಲ. ಅವನನ್ನು ಕಂಡರೆ ಎಲ್ಲರಿಗೂ ಅಷ್ಟು ಪ್ರೀತಿ. ಆ ಪ್ರೀತಿಯಲ್ಲೇ ಅವನು ಸೋತುಹೋಗಿದ್ದ.

ಹಾಗಾಗಿ ಆ ಒಂಟಿ ಕುರ್ಚಿಯ ಚಿತ್ರ ಕಂಡ ದಿನದಿಂದ ಅವನು ಅರ್ಧ ನಿದ್ದೆಯಲ್ಲೇ ತಿರುಗಾಡುತ್ತಿದ್ದ. ಬಸ್ಸಿನಲ್ಲಿ ನಿಂತಿದ್ದರೂ ಕಾಲ ಕೆಳಗೆ ಸಣ್ಣ ಅಲೆ ಬಂದು ಹೋದಂತಾಗುತ್ತಿತ್ತು. ಕಚೇರಿಯಲ್ಲಿ ಕೆಟಲ್ ಕುದಿಯುವ ಸದ್ದು ಅವನ ಕಿವಿಗೆ ದೂರದ ಝರಿಯ ಸದ್ದಾಗಿ ಕೇಳುತ್ತಿತ್ತು. ಆ ಕುರ್ಚಿಯಲ್ಲಿ ಕೂತು, ಬೆಳಗಿನ ಮಂಜು ನೀರಿನ ಮೇಲಿಂದ ಏಳುವುದನ್ನು ನೋಡುತ್ತ, ಯಾರಿಂದಲೂ ಊಟ ಆಯಿತೇ ಎಂದು ಕೇಳಿಸಿಕೊಳ್ಳದೆ ಒಂದು ಇಡೀ ದಿನ ಕಳೆಯುವುದು. ಇದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ.

ಸ್ಲೈಡು ಕೈಗೆ ಬರಬೇಕಲ್ಲ, ಅಲ್ಲೇ ಇದ್ದದ್ದು ತೊಡಕು. ಪ್ರೆಸೆಂಟೇಶನ್ ಮಾಡುವ ಪೂರ್ತಿ ಸಾಫ್ಟ್‌ವೇರ್ ಇಲಾಖೆಯಲ್ಲಿ ನಿರ್ದೇಶಕರ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅವರು ಕೋಣೆಗೆ ಬೀಗ ಹಾಕಿ ಕಾಲುವೆ ನೋಡಲು ಹೋಗಿದ್ದರು, ಬರುವುದು ಸಂಜೆಗೆ. ಸಗಿನ್‌ಬೆಕ್ ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ತನ್ನ ಹಳೇ ಕಂಪ್ಯೂಟರ್ ತೆರೆದ. ಅದರಲ್ಲಿದ್ದದ್ದು ಬಿಟ್ಟಿ ಸಿಗುವ ವೀಕ್ಷಕ. ಮಿಠಾಯಿ ಅಂಗಡಿಯ ಗಾಜಿನ ಪೆಟ್ಟಿಗೆಯಂತೆ, ನೋಡಬಹುದು, ಮುಟ್ಟುವ ಹಾಗಿಲ್ಲ. ಒಂದಾದ ಮೇಲೊಂದು ಸ್ಲೈಡು ತೋರಿಸುತ್ತಿತ್ತು, ಆದರೆ ಒಂದನ್ನು ತೆಗೆದು ಬೇರೆಯಾಗಿ ಇಡು ಎಂದರೆ, ಪ್ರಿಂಟ್ ಕೊಡು ಎಂದರೆ, ಆ ಗುಂಡಿಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ ಸುಮ್ಮನಿದ್ದವು.

ಅಂತರ್ಜಾಲದಲ್ಲಿ ಒಂದು ಕಡೆ, ನಿಮ್ಮ ಸ್ಲೈಡುಗಳನ್ನು ಬಿಡಿಬಿಡಿಯಾಗಿ ಬಿಟ್ಟಿಯಾಗಿ ತೆಗೆದುಕೊಡುತ್ತೇವೆ ಎಂದು ಹಾಕಿದ್ದರು. ಅವನು ಕಡತ ಏರಿಸಿದ. ಕೊಟ್ಟರು. ಮೊದಲ ಐದು ಮಾತ್ರ. ಆರನೆಯದರಿಂದ ಆಚೆಗೆ ಬ್ಯಾಂಕ್ ಕಾರ್ಡಿನ ನಂಬರ್ ಬೇಕಂತೆ. ಅವನ ಬಳಿ ಕಾರ್ಡ್ ಇರಲಿಲ್ಲ. ಐದು ಭಂಗಿಯ ನಿರ್ದೇಶಕರು ಬಿಡಿಬಿಡಿಯಾಗಿ ಅವನ ಕಂಪ್ಯೂಟರಿನಲ್ಲಿ ಬಂದು ಕೂತರು.

ಆಮೇಲೆ ಅವನಿಗೆ ಫೋನಿನಿಂದ ಪರದೆಯ ಫೋಟೋ ತೆಗೆಯಬಹುದು ಎಂದು ಹೊಳೆಯಿತು. ಹದಿನೇಳನೆಯ ಸ್ಲೈಡು ಹಾಕಿ, ಉಸಿರು ಹಿಡಿದು, ಕ್ಲಿಕ್ ಎನ್ನಿಸಿದ. ಚಿತ್ರ ನೋಡಿದರೆ ಸರೋವರವಿದೆ, ಮನೆಯಿದೆ, ಕುರ್ಚಿಯಿದೆ, ನೀಲಿ ಬಾಗಿಲಲ್ಲಿ ಬಿಳಿ ತಲೆವಸ್ತ್ರ ಕಟ್ಟಿಕೊಂಡ ಒಬ್ಬ ಮುದುಕಿ ತಟ್ಟೆ ಹಿಡಿದು ನಿಂತಿದ್ದಾಳೆ. ಸಗಿನ್‌ಬೆಕ್ ಬೆಚ್ಚಿ ಹಿಂದಕ್ಕೆ ತಿರುಗಿದ. ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೋಕ್ ತುಂಬಿದ ತಟ್ಟೆಯೊಂದಿಗೆ ಅನಿಪಾ ಅಪಾ ನಿಂತಿದ್ದರು. ಅವರ ಬಿಂಬ ಪರದೆಯ ಗಾಜಿನಲ್ಲಿ ಬಿದ್ದಿತ್ತು.

"ಹಗಲು ಹೊತ್ತು ಮನೇಲಿದ್ದೀಯಲ್ಲ, ಹುಷಾರಿಲ್ವಾ ಮಗ?" ಎಂದರು ಅಪಾ. ಫೋನ್ ಇಸಿದುಕೊಂಡು ಕನ್ನಡಕ ಏರಿಸಿ ಫೋಟೋ ನೋಡಿದರು. "ಬಾಗ್ಲಲ್ಲಿ ಯಾರೋ ನಿಂತಿದ್ದಾರಲ್ಲ."

"ನೀವೇ, ಅಪಾ."

"ನಾನಾ? ಚೆನ್ನಾಗಿ ಬಂದಿದ್ದೀನಿ. ನಂಗೂ ಒಂದು ಕಾಪಿ ಕೊಡು."

ಕರದಂಟಿನಂತೆ ಅಂಟಿಕೊಳ್ಳುವ ಅವರ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು, ನಿರ್ದೇಶಕರಿಗೆ ಸಂಜೆಯೊಳಗೆ ಒಂದು ಸ್ಲೈಡು ತೆಗೆದು ಕೊಡಬೇಕು, ಸಾಫ್ಟ್‌ವೇರ್ ಇಲ್ಲ ಎಂದಷ್ಟೇ ಹೇಳಿದ. ಯಾಕೆಂದು ಹೇಳಲಿಲ್ಲ. ನಿಮ್ಮೆಲ್ಲರಿಂದ ದೂರ ಓಡಿಹೋಗುವುದಕ್ಕೆ ಎಂದು ಬಿಸಿ ಬೋರ್ಸೋಕ್ ತಂದವರ ಮುಖಕ್ಕೆ ಹೇಗೆ ಹೇಳುವುದು? ಅಪಾ ಎರಡು ಗುಟುಕು ಚಹಾ ಸುರಿದರು. ಮತ್ತೆ ಎರಡು ಗುಟುಕು. ಅವರು ಎದ್ದು ಹೋಗಿ ಸ್ವಲ್ಪ ಹೊತ್ತಿಗೆ, ಸಗಿನ್‌ಬೆಕ್‌ಗೆ ಏನನ್ನೋ ತೆಗೆಸಬೇಕಂತೆ ಎಂಬ ಸುದ್ದಿ ಮೆಟ್ಟಿಲು ಇಳಿದು ಹತ್ತಿ ಎಲ್ಲ ಮನೆ ಮುಟ್ಟಿತು. ಕೆಳಗಿನ ಮನೆಯಿಂದ ಒಬ್ಬರು ಹಲ್ಲುನೋವಿಗೆ ಲವಂಗದ ಎಣ್ಣೆ ಕಳಿಸಿಕೊಟ್ಟರು.

ಮೂರನೆಯ ಮಹಡಿಯ ದೋತಾಲಿ ಮಾತ್ರ ವಿಷಯವನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಹಿಂದೆ ನಮ್ಮ ಪೇಟೆಯ ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರು ಅವರು. ಮಂದಿರ ಮುಚ್ಚಿ ಅದು ಈಗ ಸೋಫಾ ಅಂಗಡಿ. ಸ್ಲೈಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುದುಕರಿಗೆ ಹಳೆಯ ಪ್ರಾಯ ಬಂದಂತಾಗಿ, ಸಗಿನ್‌ಬೆಕ್‌ನನ್ನು ಕೈಹಿಡಿದು ತಮ್ಮ ಮನೆಗೆ ಕರೆದೊಯ್ದರು. ಕಂಪ್ಯೂಟರಿನ ಪರದೆಯನ್ನೂ ಪೆಟ್ಟಿಗೆಯನ್ನೂ ಹೊರಿಸಿದರು. ಸ್ಲೈಡು ತೆಗೆಯುವುದಕ್ಕೆ ಸಾಫ್ಟ್‌ವೇರ್ ಎಂಥದ್ದು, ತಮ್ಮ ಕಾಲದಲ್ಲಿ ಕತ್ತರಿ ಇದ್ದರೆ ಸಾಕಿತ್ತು ಎಂದರು. ಪರದೆಗೆ ಕತ್ತರಿ ಹಾಕುವಂತಿಲ್ಲ ಎಂದು ಅವನು ವಿವರಿಸಿದ ಮೇಲೆ, ತೆಳು ಕಾಗದವನ್ನು ಪರದೆಗೆ ಅಂಟಿಸಿ ಪೆನ್ಸಿಲಿನಿಂದ ತಿದ್ದಲು ಕೂತರು. ಕೂರುವ ಮೊದಲು ರೊಟ್ಟಿ ಮುರಿಸಿದರು. ಹೊಸಿಲು ದಾಟಿ ಬಂದವನು ರೊಟ್ಟಿ ಮುರಿಯದೆ ಕೂತರೆ ಅವರಿಗೆ ಕೈ ಓಡುವುದಿಲ್ಲ.

ರೊಟ್ಟಿಗೆ ಬೆಣ್ಣೆ ಬಂತು, ಬೆಣ್ಣೆಗೆ ಜರ್ದಾಳು ಹಣ್ಣಿನ ಜಾಮ್ ಬಂತು. ಎರಡು ಗುಟುಕು ಚಹಾ, ಮತ್ತೆರಡು ಗುಟುಕು. ಕಿಟಕಿಯಿಂದ ವಸಂತದ ಬಿಸಿಲು ಬಂದು ಕಂಬಳಿಯ ಮೇಲೆ ಬಿದ್ದಿತ್ತು. ದೋತಾಲಿಯವರ ಪೆನ್ಸಿಲು ಸರ್ರ್ ಸರ್ರ್ ಎನ್ನುತ್ತಿತ್ತು. ಸಗಿನ್‌ಬೆಕ್ ಗೋಡೆಗೊರಗಿದ. ಪರದೆಯ ಸರೋವರ ನಿಧಾನವಾಗಿ ಕೋಣೆಯೊಳಕ್ಕೆ ಹರಿದು ಬಂದು ಅವನ ಕಾಲ ಬೆರಳು ತೊಳೆಯಿತು. ಅವನು ಆ ಕುರ್ಚಿಯಲ್ಲಿ ಕೂತಿದ್ದ. ನೀರಿನಲ್ಲಿ ಬಿಳಿ ಪರ್ವತ ತಲೆಕೆಳಗಾಗಿ ನಿಂತಿತ್ತು. ಒಂದು ಹಕ್ಕಿ ಆಚೆ ದಡದಿಂದ ಕೂಗಿತು, ಈಚೆ ದಡದಿಂದ ಯಾರೂ ಉತ್ತರ ಕೊಡಲಿಲ್ಲ. ಎಷ್ಟು ಹಿತವಾಗಿತ್ತೆಂದರೆ ಅವನ ಕಣ್ಣಲ್ಲಿ ನೀರು ಬಂತು. ಆದರೆ ಸರೋವರ ಪೂರ್ತಿ ತುಂಬಿಲ್ಲವಲ್ಲ, ತಳದಲ್ಲಿ ಸ್ವಲ್ಪವೇ ನೀರಿದೆಯಲ್ಲ ಎಂದು ಬಗ್ಗಿ ನೋಡಿದರೆ, ಪರ್ವತದ ಹಿಂದಿನಿಂದ ದೊಡ್ಡದೊಂದು ಚಹಾದ ಕೆಟಲ್ ಬಾಗಿತು. ಕೂತಿರು ಮಗ, ಸ್ವಲ್ಪ ಸ್ವಲ್ಪವೇ ಕೊಡ್ತೀನಿ ಎಂದು ಯಾರೋ ಹೇಳಿದರು.

ಎಚ್ಚರವಾದಾಗ ಬಿಸಿಲು ಕಂಬಳಿ ಬಿಟ್ಟು ಗೋಡೆ ಹತ್ತಿತ್ತು. ದೋತಾಲಿ ಚಿತ್ರ ಮುಗಿಸಿ ಹೆಮ್ಮೆಯಿಂದ ಹಿಡಿದಿದ್ದರು. ಸರೋವರ ಚೆನ್ನಾಗಿಯೇ ಬಂದಿತ್ತು. ಮನೆಯ ಮುಂದೆ ಆರು ಕುರ್ಚಿಗಳಿದ್ದವು.

"ಇದ್ರಲ್ಲಿ ಒಂದೇ ಕುರ್ಚಿ ಇತ್ತಲ್ಲ" ಎಂದ ಸಗಿನ್‌ಬೆಕ್.

"ಒಂದೇ ಕುರ್ಚಿ ಇಟ್ಟರೆ ಬಂದವರು ಎಲ್ಲಿ ಕೂರ್ತಾರಪ್ಪಾ? ಚಿತ್ರ ತೆಗೆದವನಿಗೆ ಬುದ್ಧಿ ಇರ್ಲಿಲ್ಲ, ನಾನು ಸರಿ ಮಾಡಿದೀನಿ" ಎಂದರು ದೋತಾಲಿ. ಅವನ ಮುಖ ನೋಡಿ ಪಾಪ ಎನ್ನಿಸಿತೋ ಏನೋ, ಪೂರ್ತಿ ಸಾಫ್ಟ್‌ವೇರ್ ಬೇಕೇಬೇಕು ಎಂದರೆ ಆಚೆ ಮೆಟ್ಟಿಲಿನ ಮೇಲ್ಮಹಡಿಯ ಬುರುಲ್ಕಾನ್ ಹತ್ತಿರ ಇದೆ, ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ ಎಂದರು.

ಬುರುಲ್ಕಾನ್ ಎಜೆ, ಎಂದರೆ ಬುರುಲ್ಕಾನ್ ಅಕ್ಕ, ಮದುವೆ, ತೊಟ್ಟಿಲು, ಎಪ್ಪತ್ತು ತುಂಬಿದವರ ಸಮಾರಂಭಗಳಿಗೆ ಫೋಟೋಗಳ ಸ್ಲೈಡ್ ಶೋ ಮಾಡಿಕೊಡುವವರು. ನಮ್ಮಲ್ಲಿ ಯಾವ ಸಮಾರಂಭದಲ್ಲೂ ಊಟಕ್ಕೆ ಮೊದಲು ದೊಡ್ಡ ಪರದೆಯ ಮೇಲೆ ಆ ಮನುಷ್ಯನ ಇಡೀ ಜೀವನ ಹಾಯಿಸಿ ಎಲ್ಲರನ್ನೂ ಅಳಿಸುವ ರೂಢಿ. ಜನ ಜೋರಾಗಿ ಅಳುವಂತೆ ಮಾಡುವುದರಲ್ಲಿ ಎಜೆಗೆ ಸರಿಸಾಟಿ ಇರಲಿಲ್ಲ. ಸಗಿನ್‌ಬೆಕ್ ಪೆನ್‌ಡ್ರೈವ್ ಹಿಡಿದು ಓಡಿದ. ಹಿಂದೆಯೇ ಅನಿಪಾ ಅಪಾ ಏದುಸಿರು ಬಿಡುತ್ತ ಹತ್ತಿದರು, ಅವರ ಕಾಪಿಯ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ.

ಎಜೆ ಅಂದಿನ ರಾತ್ರಿಯ ಯಾವುದೋ ಮದುವೆಗೆ ವರನ ಬಾಲ್ಯವನ್ನು ಜೋಡಿಸುತ್ತ ಕೂತಿದ್ದರು. ಅವಸರದಲ್ಲಿದ್ದರೂ ರೊಟ್ಟಿ ಮುರಿಸದೆ ಬಿಡಲಿಲ್ಲ. ಎರಡು ಗುಟುಕು ಚಹಾವೂ ಆಯಿತು. ಸಗಿನ್‌ಬೆಕ್‌ನ ಹೊಟ್ಟೆ ನಗಾರಿಯ ಹಾಗೆ ಬಿಗಿದಿತ್ತು, ರೆಪ್ಪೆ ಮತ್ತೆ ಭಾರವಾಗುತ್ತಿತ್ತು. ಎಜೆ ಕಡತ ತೆರೆದರು.

"ಎಷ್ಟನೇದು?"

"ಹದಿನೇಳನೇದು, ಎಜೆ."

ಪಕ್ಕದ ಪಟ್ಟಿಯಲ್ಲಿ ಹದಿನೇಳು ಎಂಬ ಅಂಕಿಯ ಮೇಲೆ ಒಂದು ಓರೆ ಗೀಟು ಇತ್ತು. ಪರದೆಗೆ ಕೂದಲು ಅಂಟಿದೆ ಎಂದುಕೊಂಡು ಎಜೆ ಸೆರಗಿನಂಥ ತಲೆವಸ್ತ್ರದ ತುದಿಯಿಂದ ಒರೆಸಿದರು. ಹೋಗಲಿಲ್ಲ, ಬಿಟ್ಟರು. ಪ್ರಿಂಟರ್ ಗುರ್ ಎಂದು ಒಂದು ಹಾಳೆ ಹೊರಗೆ ಹಾಕಿತು. ಸರೋವರದ ನಾಲ್ಕು ಮೂಲೆಯಲ್ಲೂ ಬಿಳಿ ಪಾರಿವಾಳಗಳು, ಸುತ್ತ ಗುಲಾಬಿ ಹೂವಿನ ಅಂಚು. ಕೈಗೆ ಅಭ್ಯಾಸವಾಗಿ ಹಾಕಿಬಿಟ್ಟಿದ್ದರು. ಸಗಿನ್‌ಬೆಕ್ ಬೇಡಿಕೊಂಡ ಮೇಲೆ ಪಾರಿವಾಳಗಳನ್ನು ಓಡಿಸಿ, ಬೋಳು ಸ್ಲೈಡನ್ನೇ ಇನ್ನೊಮ್ಮೆ ತೆಗೆದರು. ಹಾಳೆ ಇನ್ನೂ ಬೆಚ್ಚಗಿತ್ತು. ನೀಲಿ ಬಾಗಿಲು, ನೀರು, ಕುರ್ಚಿ. ಒಂದೇ ಕುರ್ಚಿ. ಅವನಿಗೆ ಎದೆ ತುಂಬಿ ಬಂತು.

ಎಜೆ ಮಾತ್ರ ಪರದೆಯಲ್ಲಿದ್ದ ಬರಹವನ್ನು ಓದುತ್ತಿದ್ದರು. ಓದಿ ಮುಗಿಸಿ, ಕುರ್ಚಿ ತಿರುಗಿಸಿ, ಅವನನ್ನು ಹೊಸದಾಗಿ ಕಂಡವರಂತೆ ನೋಡಿದರು.

"ತಮ್ಮಾ, ಇದಕ್ಕೆ ನೀನು ಸಹಿ ಹಾಕ್ತೀಯಾ? ಯೋಚ್ನೆ ಮಾಡಿದ್ದೀಯಾ?"

"ಎಷ್ಟೋ ವರ್ಷದಿಂದ ಇದೊಂದೇ ಯೋಚ್ನೆ, ಎಜೆ."

"ನಿನ್ನಂಥವನ ಒಳಗೆ ಇಂಥಾ ಮನಸ್ಸಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದರು ಎಜೆ. ಬೇರೆಯವರನ್ನು ಅಳಿಸಿ ರೂಢಿಯಿದ್ದ ಹೆಂಗಸಿನ ದನಿ ಅಂದು ತಾನೇ ಒದ್ದೆಯಾಗಿತ್ತು. ಅನಿಪಾ ಅಪಾ ಪಾರಿವಾಳದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ ಹತ್ತಿರ ಬಂದು, ಸಗಿನ್‌ಬೆಕ್‌ನ ತಲೆ ಬಗ್ಗಿಸಿ ಹಣೆಗೆ ಮುತ್ತಿಟ್ಟರು. ನಾನು ನಿನ್ನ ಬಗ್ಗೆ ಏನೇನೋ ತಿಳ್ಕೊಂಡಿದ್ದೆ, ತಪ್ಪಾಯ್ತು ಮಗ ಎಂದರು. ತನ್ನನ್ನು ಬೀಳ್ಕೊಡುತ್ತಿದ್ದಾರೆ ಎಂದು ಅವನು ತಿಳಿದ. ಇಷ್ಟು ಸುಲಭವಾಗಿ ಕಳಿಸಿಕೊಡುತ್ತಾರೆಂದು ಅವನು ಎಣಿಸಿರಲಿಲ್ಲ. ಸಣ್ಣಗೆ ಒಂದು ಬೇಸರವೂ ಆಯಿತು, ಅದನ್ನು ಒಳಗೇ ನುಂಗಿಕೊಂಡು ಸಹಿ ಹಾಕಿದ.

ಕಚೇರಿ ಮುಟ್ಟಿದಾಗ ನಿರ್ದೇಶಕರು ಟೋಪಿ ಹಾಕಿಕೊಂಡು ದೀಪ ಆರಿಸುತ್ತಿದ್ದರು. ಸ್ಲೈಡು ಇಸಿದುಕೊಂಡು ನೋಡಿ ಮತ್ತೆ ದೀಪ ಹಾಕಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಇದಾ? ಇದೇ ಬೇಕಾ ನಿನಗೆ?"

"ಇದೇ, ಸಾರ್. ಚೆನ್ನಾಗಿ ನೋಡಿಯೇ ಸಹಿ ಹಾಕಿದೀನಿ."

"ನನ್ನ ಕೈಲಂತೂ ಆಗಲ್ಲಪ್ಪಾ ಇಂಥಾ ಜೀವನ. ಒಂದು ವಾರಕ್ಕೇ ತಲೆ ಕೆಟ್ಟುಹೋಗುತ್ತೆ" ಎನ್ನುತ್ತ ನಿರ್ದೇಶಕರು ಮೊಹರು ಒತ್ತಿದರು. ಒಂಟಿತನವನ್ನು ಕುರಿತು ಹೇಳುತ್ತಿದ್ದಾರೆ ಎಂದುಕೊಂಡು ಸಗಿನ್‌ಬೆಕ್ ಒಳಗೊಳಗೇ ನಕ್ಕ. ಮೊಹರಿನ ಹಾಳೆಯ ಒಂದು ಪ್ರತಿ ಅವನ ಕೈಗೆ ಬಂತು.

ಮನೆಗೆ ಅವನು ನದಿಯ ದಾರಿಯಲ್ಲಿ ನಡೆದೇ ಬಂದ. ಪಾಪ್ಲರ್ ಮರಗಳ ಬಿಳಿ ಹತ್ತಿ ಗಾಳಿಯಲ್ಲಿ ತೇಲುತ್ತಿತ್ತು. ಸಂಜೆಯ ಬೆಳಕಿಗೆ ನದಿಯೂ ಸದ್ದು ತಗ್ಗಿಸಿದಂತಿತ್ತು. ಎದುರು ಬಂದ ಎತ್ತಿನಂಥ ನಾಯಿಗೂ ಅವನು ನಮಸ್ಕಾರ ಹೇಳಿದ. ನಮ್ಮ ಅಂಗಳದ ತಿರುವಿಗೆ ಬಂದಾಗ ಮಾತ್ರ ನಡಿಗೆ ನಿಧಾನವಾಯಿತು. ಅಂಗಳದಲ್ಲಿ ಇಡೀ ಕಟ್ಟಡ ನೆರೆದಿತ್ತು. ದೋತಾಲಿ ತಮ್ಮ ಹಳೆಯ ಪ್ರೊಜೆಕ್ಟರಿಗೆ ಹಗ್ಗ ಬಿಗಿಯುತ್ತಿದ್ದರು. ಯಾರೋ ಚಹಾದ ನೀರು ಕಾಯಿಸುವ ಸಮೋವಾರನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಹಾಸಿಗೆಗಳು ಬಿಸಿಲಿಗೆ ಬಂದಿದ್ದವು, ಬಿಸಿಲು ಹೋಗಿದ್ದರೂ.

"ಮಗ, ಒಂದು ಮಾತು ಕೇಳ್ಬೇಕಿತ್ತು" ಎಂದರು ಅನಿಪಾ ಅಪಾ. "ನೀರಿಗೆ ಹತ್ತಿರದ ಗುಡಾರ ನನಗೆ ಕೊಡ್ತೀಯಾ? ಮಂಡಿನೋವು, ದೂರ ನಡೆಯಕ್ಕಾಗಲ್ಲ."

ಯಾವ ಗುಡಾರ ಎಂದು ಅವನು ಕೇಳಿದ. ನಿನ್ನ ಗುಡಾರ ಎಂದರು. ಎಜೆಯ ಗುಲಾಬಿ ಅಂಚಿನ ಹಾಳೆ ಕಟ್ಟಡದ ಬಾಗಿಲಿಗೆ ಆಗಲೇ ಅಂಟಿತ್ತು. ಸಗಿನ್‌ಬೆಕ್ ಹತ್ತಿರ ಹೋಗಿ, ಪಾರಿವಾಳಗಳ ನಡುವೆ, ಬಹುಶಃ ತನ್ನ ಜೀವನದಲ್ಲಿ ಮೊದಲ ಬಾರಿಗೆ, ಚಿತ್ರ ಬಿಟ್ಟು ಅಕ್ಷರ ಓದಿದ.

'ಈ ಬೇಸಿಗೆಯಿಂದ ತುನುಕ್-ಕೊಲ್ ದಂಡೆಯಲ್ಲಿ ಪೇಟೆಯ ಕುಟುಂಬಗಳಿಗೆ ಗುಡಾರಗಳ ವಿಶ್ರಾಂತಿ ಶಿಬಿರ. ನೀರಿನ ಮಟ್ಟ ಅಳೆಯುವುದರ ಜೊತೆಗೆ ಅತಿಥಿಗಳನ್ನು ಬರಮಾಡಿಕೊಂಡು, ಮೂರು ಹೊತ್ತೂ ಅವರ ಊಟ, ಚಹಾ, ಮನರಂಜನೆ ನೋಡಿಕೊಳ್ಳುವ, ಜನರೊಂದಿಗೆ ಬೆರೆಯುವ ಸ್ವಭಾವದ ಒಬ್ಬರು ಬೇಕಾಗಿದ್ದಾರೆ. ಒಪ್ಪಿದವರು ತಮ್ಮ ನೆರೆಹೊರೆಯವರನ್ನೇ ಮೊದಲ ತಂಡವಾಗಿ ಕರೆತರಬಹುದು.'

ಅವನು ಕಲ್ಲಿದ್ದಲಿನ ಕೊಟ್ಟಿಗೆಯ ಹಿಂದೆ ಹೋಗಿ ನಿರ್ದೇಶಕರಿಗೆ ಫೋನ್ ಮಾಡಿದ. ಹದಿನೇಳನೆಯದರಲ್ಲಿ ಒಬ್ಬನೇ ಇರುವ ಹುದ್ದೆಯಲ್ಲವೇ ಇದ್ದದ್ದು ಎಂದು ಕೇಳಿದ. ಅದು ಹದಿನೆಂಟನೆಯದು ಎಂದರು ನಿರ್ದೇಶಕರು. ಚಿತ್ರ ಎರಡಕ್ಕೂ ಒಂದೇ ಹಾಕಿದ್ದರಂತೆ.

"ಶಿಬಿರದ ಸ್ಲೈಡನ್ನ ನಾನೇ ಮುಚ್ಚಿಟ್ಟಿದ್ದೆ. ಯಾವ ಹುಚ್ಚ ಒಪ್ತಾನೆ ಅಂತ. ಮುಚ್ಚಿಟ್ಟಿದ್ದನ್ನ ಬಿಟ್ಟಿ ವೀಕ್ಷಕ ಹಾರಿಸ್ಕೊಂಡು ಹೋಗುತ್ತೆ, ಅದ್ರಲ್ಲಿ ಎಣಿಸಿದ್ರೆ ಹದಿನೆಂಟನೇದೇ ಹದಿನೇಳು ಆಗುತ್ತೆ. ಪೂರ್ತಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕಕ್ಕೆ ಸೇರುತ್ತೆ. ನೀನೇ ಹುಡುಕಿ ತಂದ್ಯಲ್ಲ, ನಾನು ಬೆರಗಾಗಿಬಿಟ್ಟೆ." ಆಮೇಲೆ ನಿರ್ದೇಶಕರೇ ಹೇಳಿದರು: "ಬೇಡ ಅಂದ್ರೆ ಈಗ್ಲೇ ಹೇಳು. ಇದನ್ನ ಹರಿದು ಹಾಕಿ ಒಂಟಿ ಹುದ್ದೇನೇ ಕೊಡ್ತೀನಿ. ನಂಗೇನು."

ಸಗಿನ್‌ಬೆಕ್‌ನ ಕಣ್ಣ ಮುಂದೆ ಸರೋವರ ಮತ್ತೆ ತೆರೆದುಕೊಂಡಿತು. ಮಂಜು ನೀರಿನ ಮೇಲಿಂದ ಏಳುತ್ತಿತ್ತು. ಆಚೆ ದಡದ ಹಕ್ಕಿ ಕೂಗಿತು. ಹರಿದುಬಿಡಿ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಹೇಳಲು ಅವನು ಬಾಯಿಯನ್ನೂ ತೆರೆದ.

ಅಷ್ಟರಲ್ಲಿ ಅನಿಪಾ ಅಪಾ ಕೊಟ್ಟಿಗೆಯ ಮೂಲೆ ಸುತ್ತಿ ಬಂದರು. ಫೋನಿನಲ್ಲಿದ್ದಾನೆ ಎಂಬುದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

"ನಮ್ಮನೆಯವರು ಹೋದ ಮೇಲೆ ನಾನು ಬೆಟ್ಟ ಹತ್ತಿಲ್ಲ ಮಗ. ಬೇಸಿಗೆ ಬಂದಾಗೆಲ್ಲ ಯಾರಾದ್ರೂ ಕರೀತಾರಾ ಅಂತ ನೋಡ್ತಿದ್ದೆ. ಮಕ್ಕಳೂ ಕರೀಲಿಲ್ಲ. ನೀನು ಕರೆದೆ."

ಅವರು ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡು, ಅವನ ಕೋಟಿನ ಗುಂಡಿ ಸರಿಯಾಗಿ ಹಾಕಿ ಹೊರಟುಹೋದರು. ಫೋನಿನಲ್ಲಿ ನಿರ್ದೇಶಕರು ಹಲೋ ಹಲೋ ಎನ್ನುತ್ತಿದ್ದರು. ಏನು ಮಾಡಲಿ, ಹರಿಯಲೇ ಎಂದು ಕೇಳಿದರು.

"ಇರ್ಲಿ ಬಿಡಿ ಸಾರ್" ಎಂದ ಸಗಿನ್‌ಬೆಕ್.

ಜೂನ್ ತಿಂಗಳಲ್ಲಿ ಹಿಮ ಕರಗಿ ದಾರಿ ತೆರೆದ ಮೇಲೆ ನಾವೆಲ್ಲ ಒಂದು ಬಸ್ಸು ಮಾಡಿಕೊಂಡು ಹೊರಟೆವು. ತುನುಕ್-ಕೊಲ್ ಥೇಟ್ ಆ ಸ್ಲೈಡಿನಂತೆಯೇ ಇತ್ತು. ನೀರಲ್ಲಿ ಬಿಳಿ ಪರ್ವತ ತಲೆಕೆಳಗಾಗಿ ನಿಂತಿತ್ತು, ನೀಲಿ ಬಾಗಿಲು ಬಿಸಿಲಿಗೆ ಹೊಳೆಯುತ್ತಿತ್ತು. ಆ ಕುರ್ಚಿಯೂ ಇತ್ತು, ಅದರಲ್ಲಿ ಅನಿಪಾ ಅಪಾ ಕೂತರು. ಉಳಿದವರಿಗೆ ದೋತಾಲಿ ಐದು ಕುರ್ಚಿ ತಂದಿದ್ದರು. ಬುರುಲ್ಕಾನ್ ಎಜೆ ಎಲ್ಲದರ ಫೋಟೋ ತೆಗೆಯುತ್ತಿದ್ದರು. ಗುಡಾರಗಳ ನಡುವೆ ಬಟ್ಟೆ ಹಾಸಿ ರೊಟ್ಟಿ ಮುರಿದದ್ದಾಯಿತು. ಸಗಿನ್‌ಬೆಕ್ ಸಮೋವಾರಿನ ಪಕ್ಕ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಅತಿಥಿಗಳ ಚಹಾ ಈಗ ಅವನ ಕೆಲಸ.

ಅವನು ಸರೋವರವನ್ನು ಒಮ್ಮೆ ನೋಡಿದ. ನಮ್ಮನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಮೊದಲ ಬಟ್ಟಲು ಎತ್ತಿಕೊಂಡು ಅಂಚಿನವರೆಗೆ, ಇನ್ನೊಂದು ಹನಿಗೂ ಜಾಗವಿಲ್ಲದಂತೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ಅನಿಪಾ ಅಪಾಗೆ ಕೊಟ್ಟ. ಮಾತಾಡುತ್ತಿದ್ದವರೆಲ್ಲ ಬಟ್ಟಲಿನ ಕಡೆ ತಿರುಗಿದರು. ಅಪಾ ಬಟ್ಟಲನ್ನು ನೋಡಿದರು, ಅವನನ್ನು ನೋಡಿದರು, ಮುಕ್ಕಾಲು ಪಾಲನ್ನು ವಾಪಸ್ಸು ಕೆಟಲಿಗೇ ಸುರಿದು ಬಟ್ಟಲನ್ನು ಅವನ ಮುಂದೆ ಚಾಚಿದರು.

"ಸರಿಯಾಗಿ ಕೊಡೋದು ಕಲ್ತ್ಕೊ ಮಗ" ಎಂದರು. "ನಮಗೇನೂ ಅವಸರ ಇಲ್ಲ."